ಕಿರುಬೆರಳಿಗೊಂದು ಕೆಲಸ: ಯುಕುಲೇಲಿಯಲ್ಲಿ ಮೈನರ್ 6 ಕಾರ್ಡ್

ನಾಲ್ಕು ತಂತಿಯ ಪುಟ್ಟ ಗಿಟಾರಿನಂಥ ಯುಕುಲೇಲಿಯನ್ನು ನಾನು ಹಿಡಿದ ಮೊದಲ ವರ್ಷ ನನ್ನ ಎಡಗೈ ಕಿರುಬೆರಳು ಸುಮ್ನೆ ಗಾಳಿಯಲ್ಲಿ ನಿಂತಿತ್ತು. ಸಿ, ಎಫ್, ಜಿ7, ಎ ಮೈನರ್ ಇಷ್ಟು ಕಾರ್ಡುಗಳಿಗೆ, ಅಂದರೆ ಒಟ್ಟಿಗೆ ಮೀಟುವ ಸ್ವರಗಳ ಗುಂಪುಗಳಿಗೆ, ಅದರ ಸಹಾಯ ಬೇಕಾಗಲೇ ಇಲ್ಲ. ಹಾಡಿನ ಹಾಳೆಯಲ್ಲಿ ಎಲ್ಲಾದರೂ ‘ಡಿ ಮೈನರ್ 6’ ಅಂತ ಕಂಡರೆ ಆ 6 ನನ್ನ ಕಣ್ಣಿಗೆ ಬೀಳಲೇ ಇಲ್ಲ ಅನ್ನುವ ಹಾಗೆ ಬರೀ ಡಿ ಮೈನರ್ ನುಡಿಸಿ ಮುಂದೆ ಹೋಗುತ್ತಿದ್ದೆ. ಹಾಡೇನೂ ಕೆಡಲಿಲ್ಲ. ಆದರೆ ಆ ಜಾಗ ಬಂದಾಗಲೆಲ್ಲ ಏನೋ ಸಪ್ಪೆ ಅನಿಸುತ್ತಿತ್ತು.

ನೀವೂ ಹಾಗೇ ಮಾಡುತ್ತಿದ್ದರೆ, ಒಂದು ಸಮಾಧಾನ. ನಿಮಗೆ ಗೊತ್ತಿರುವ ಮೈನರ್ ಕಾರ್ಡಿನಿಂದ ಮೈನರ್ 6ಕ್ಕೆ ಹೆಚ್ಚು ಸಲ ಒಂದೇ ಬೆರಳಿನ ದೂರ.

ಇಲ್ಲಿನ ಅಂಕಿಗಳೆಲ್ಲ ಜಿ-ಸಿ-ಇ-ಎ ಶ್ರುತಿಗೆ. ಮೊದಲನೆಯದು ಗಲ್ಲಕ್ಕೆ ಹತ್ತಿರದ ಜಿ ತಂತಿ, ಕೊನೆಯದು ಎ ತಂತಿ. ಅಂಕಿ ಎಷ್ಟೋ, ಆ ತಂತಿಯನ್ನು ಅಷ್ಟನೇ ಫ್ರೆಟ್ಟಿನಲ್ಲಿ (ಕತ್ತಿನ ಮೇಲಿನ ಪಟ್ಟಿಗಳ ನಡುವಿನ ಮನೆಯಲ್ಲಿ) ಒತ್ತಬೇಕು. ಸೊನ್ನೆ ಇದ್ದರೆ ಆ ತಂತಿಯನ್ನು ಮುಟ್ಟಬೇಡಿ, ಹಾಗೇ ಮೀಟಿ.

ಮೊದಲು ಜಿ ಮೈನರ್ 6 ಹಿಡಿಯಿರಿ. ಇಲ್ಲಿ ಬೆರಳು ಸೇರಿಸುವುದಿಲ್ಲ, ಎತ್ತುತ್ತೇವೆ. ಜಿ ಮೈನರ್ ಅಂದರೆ 0231. ಎ ತಂತಿಯ 1ರಲ್ಲಿ ತೋರುಬೆರಳು, ಸಿ ತಂತಿಯ 2ರಲ್ಲಿ ನಡುಬೆರಳು, ಇ ತಂತಿಯ 3ರಲ್ಲಿ ಉಂಗುರಬೆರಳು. ಒಮ್ಮೆ ಮೀಟಿ. ಈಗ ಉಂಗುರಬೆರಳು ಮಾತ್ರ ಎತ್ತಿ ಮತ್ತೆ ಮೀಟಿ. 0201. ಅಷ್ಟೇ, ಬಂತು. ಮೈನರಿನ ದುಃಖ ಹಾಗೇ ಇದೆ, ಆದರೆ ಅದರ ಮೂಲೆಯಲ್ಲಿ ಸಣ್ಣದೊಂದು ತುಂಟತನ ಸೇರಿಕೊಂಡಿತು, ಅಲ್ವಾ?

ಹೆಸರು ಸ್ವಲ್ಪ ದಾರಿ ತಪ್ಪಿಸುತ್ತದೆ. ಇದರಲ್ಲಿ ‘ಮೈನರ್’ ಅನ್ನುವುದು ಕಾರ್ಡಿಗೆ ಸೇರಿದ್ದು, ಆರನೇ ಸ್ವರಕ್ಕಲ್ಲ. ಆರನೇ ಸ್ವರ ಮೇಜರ್, ಅಂದರೆ ಮೂಲ ಸ್ವರದಿಂದ 9 ಅರೆಸ್ವರ ಮೇಲೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಷಡ್ಜ, ಸಾಧಾರಣ ಗಾಂಧಾರ, ಪಂಚಮ, ಚತುಶ್ರುತಿ ಧೈವತ. ನಾನು ಒಂದಷ್ಟು ದಿನ ಶುದ್ಧ ಧೈವತ ಹಾಕಿ ನುಡಿಸಿ, ಇದೇನು ಹೀಗೆ ಕಿರಿಕಿರಿ ಅಂತ ತಲೆ ಕೆರೆದುಕೊಂಡಿದ್ದೆ.

ಈಗ ಡಿ ಮೈನರ್ 6ಕ್ಕೆ ಬರೋಣ. ಡಿ ಮೈನರ್ 2210. ಜಿ ತಂತಿಯ 2ರಲ್ಲಿ ನಡುಬೆರಳು, ಸಿ ತಂತಿಯ 2ರಲ್ಲಿ ಉಂಗುರಬೆರಳು, ಇ ತಂತಿಯ 1ರಲ್ಲಿ ತೋರುಬೆರಳು. ಇವು ಮೂರೂ ಅಲ್ಲೇ ಇರಲಿ. ಕಿರುಬೆರಳನ್ನು ಎ ತಂತಿಯ 2ರಲ್ಲಿ ಇಡಿ. 2212.

ಹೇಳುವುದು ಸುಲಭ. ನನ್ನ ಕಿರುಬೆರಳು ಮೊದಮೊದಲು ಚಪ್ಪಟೆಯಾಗಿ ಮಲಗಿಬಿಡುತ್ತಿತ್ತು. ಮಲಗಿದಾಗ ಅದರ ಹೊಟ್ಟೆ ಪಕ್ಕದ ಇ ತಂತಿಗೆ ತಾಗಿ, ಅಲ್ಲಿಂದ ‘ತಪ್’ ಅನ್ನುವ ಸದ್ದು ಮಾತ್ರ ಬರುತ್ತಿತ್ತು. ಸತ್ತಿದ್ದು ಎಫ್ ಸ್ವರ. ಈ ಕಾರ್ಡನ್ನು ಮೈನರ್ ಮಾಡುವುದೇ ಅದು, ಅದು ಹೋದರೆ ಉಳಿಯುವುದೇನು? ಹಾಗಾಗಿ ಕಾರ್ಡ್ ಹಿಡಿದ ಮೇಲೆ ಒಟ್ಟಿಗೆ ಮೀಟಬೇಡಿ. ಒಂದೊಂದೇ ತಂತಿ ಮೀಟಿ ನೋಡಿ. ಇ ತಂತಿ ಮಂಕಾಗಿದ್ದರೆ ಬೆರಳನ್ನು ಜಾಸ್ತಿ ಒತ್ತಿ ಪ್ರಯೋಜನವಿಲ್ಲ. ಹೆಬ್ಬೆರಳನ್ನು ಕತ್ತಿನ ಹಿಂದೆ ಸ್ವಲ್ಪ ಕೆಳಗೆ ಇಳಿಸಿ, ಮಣಿಕಟ್ಟನ್ನು ಒಂದಿಷ್ಟು ಮುಂದೆ ತನ್ನಿ. ಕಿರುಬೆರಳು ತಾನಾಗಿ ಬಾಗಿ ತುದಿಯ ಮೇಲೆ ನಿಲ್ಲುತ್ತದೆ.

ಸೋಮಾರಿತನದ ದಾರಿಯನ್ನೂ ನಾನು ನೋಡಿದ್ದೇನೆ. 2ನೇ ಫ್ರೆಟ್ಟಿಗೆ ಒಂದೇ ಬೆರಳನ್ನು ಅಡ್ಡ ಹಾಕಿಬಿಟ್ಟೆ. ಬಂದಿದ್ದು 2222, ಅದು ಡಿ6, ಮೇಜರ್. ನಗುಮುಖದ ಕಾರ್ಡ್. ಹಾಳೆಯಲ್ಲೇ ತಪ್ಪು ಮುದ್ರಣವಾಗಿದೆ ಅಂತ ಒಂದು ಸಂಜೆ ಪೂರ್ತಿ ನಂಬಿದ್ದೆ.

ಕಿವಿಗೆ ಈ ಕಾರ್ಡ್ ಹತ್ತಬೇಕಾದರೆ ನನಗೆ ಉಪಯೋಗಕ್ಕೆ ಬಂದ ಅಭ್ಯಾಸ ಇದು. ಡಿ ಮೈನರ್ ಹಿಡಿದು, ಕಿರುಬೆರಳನ್ನು ಎ ತಂತಿಯ 5ಕ್ಕೆ ಚಾಚಿ. ಅಲ್ಲಿಂದ ಒಂದೊಂದೇ ಫ್ರೆಟ್ ಇಳಿಯಿರಿ: 2215, 2214, 2213, 2212. ಪ್ರತಿಯೊಂದಕ್ಕೂ ನಾಲ್ಕು ಸಲ ನಿಧಾನವಾಗಿ ಸ್ಟ್ರಮ್ ಮಾಡಿ. ಮೂರು ಬೆರಳು ಕದಲುವುದಿಲ್ಲ, ಕಿರುಬೆರಳು ಮಾತ್ರ ಮೆಟ್ಟಿಲು ಇಳಿಯುತ್ತದೆ. ಕೊನೆಯ ಮೆಟ್ಟಿಲಿನ ಬಿ ಸ್ವರವೇ ನಮ್ಮ ಆರು. ಸಣ್ಣ ಸೊಪ್ರಾನೊ ಯುಕುಲೇಲಿಯಲ್ಲಿ 5ರವರೆಗೆ ಚಾಚುವುದು ಕಷ್ಟವಲ್ಲ. ದೊಡ್ಡ ಟೆನರ್ ಇದ್ದರೆ 2213ರಿಂದಲೇ ಶುರು ಮಾಡಿ, ಕೈ ನೋಯಿಸಿಕೊಳ್ಳಬೇಡಿ.

ಬೆರಳಿನ ಬಗ್ಗೆ ಗೊಣಗುವಾಗ ನನಗೆ ಗಿಟಾರ್ ವಾದಕ ಜ್ಯಾಂಗೊ ರೈನ್‌ಹಾರ್ಟ್ ನೆನಪಾಗುತ್ತಾನೆ. 1928ರ ಬೆಂಕಿ ಅನಾಹುತದಲ್ಲಿ ಅವನ ಎಡಗೈಯ ಉಂಗುರಬೆರಳು, ಕಿರುಬೆರಳು ಎರಡೂ ಸುಟ್ಟು ಮುರುಟಿಹೋದವು. ಅವನಿಂದ ಬೆಳೆದ ಜಿಪ್ಸಿ ಜಾಝ್ ಗಿಟಾರಿನಲ್ಲಿ ಬರೀ ಮೈನರ್ ಬರಬೇಕಾದ ಕಡೆ ಬಹಳಷ್ಟು ಸಲ ಮೈನರ್ 6 ಕೂತಿರುತ್ತದೆ.

ಇನ್ನೊಂದು ಚೆಂದದ ಆಟ ಇದೆ. ಇ ಮೈನರ್ 6 ಅಂದರೆ 0102, ಎರಡೇ ಬೆರಳು. ಎ ತಂತಿಯ ಬೆರಳು ಎತ್ತಿದರೆ 0100, ಅದೇ ಎ7. ಅಲ್ಲಿಂದ ಡಿಗೆ, 2220. ಎ7ಕ್ಕೆ ನೇರವಾಗಿ ಹೋಗುವ ಬದಲು ಅದಕ್ಕೆ ಮುಂಚೆ ಎರಡು ಬೀಟ್ ಇ ಮೈನರ್ 6 ಹಾಕಿ ನೋಡಿ. ಹಾಗೇ ಎಫ್ ಮೈನರ್ 6, 1213. 1ನೇ ಫ್ರೆಟ್ಟಿಗೆ ತೋರುಬೆರಳು ಅಡ್ಡ, ಸಿ ತಂತಿಯ 2ಕ್ಕೆ ನಡುಬೆರಳು, ಎ ತಂತಿಯ 3ಕ್ಕೆ ಉಂಗುರಬೆರಳು. ಉಂಗುರಬೆರಳನ್ನು ಅಲ್ಲೇ ಬಿಟ್ಟು ಉಳಿದದ್ದೆಲ್ಲ ಎತ್ತಿದರೆ ಸಿ. ಹಾಡು ಮುಗಿಸುವುದಕ್ಕೆ ನಾನು ಇದನ್ನು ಅತಿಯಾಗಿಯೇ ಬಳಸುತ್ತೇನೆ.

ಎ ಮೈನರ್ 6 ಮಾತ್ರ ತಕರಾರಿನದು. ಪೂರ್ತಿ ಬೇಕೆಂದರೆ 2423, ತೋರುಬೆರಳು ಅಡ್ಡ ಹಾಕಲೇಬೇಕು. ಹಾಡು ವೇಗವಾಗಿದ್ದರೆ ನಾನು 2020 ಹಿಡಿದು ಪಾರಾಗುತ್ತೇನೆ. ಅದರಲ್ಲಿ ಪಂಚಮ ಇರುವುದಿಲ್ಲ. ಅದೆಲ್ಲಿ ಅಂತ ಇದುವರೆಗೆ ಯಾರೂ ಕೇಳಿಲ್ಲ.