ಮೊದಲ ಹತ್ತು ವಯಲ್ ಇಲ್ಲೇ: ನನ್ನ ಅನುಭವ

"ಸಣ್ಣ ಆಸ್ಪತ್ರೆಯಲ್ಲಿ ಎಎಸ್‌ವಿ ಮುಟ್ಟಬೇಡಿ ಮಾರಾಯ್ರೆ, ರಿಯಾಕ್ಷನ್ ಬಂದರೆ ಜನ ಬಿಡುವುದಿಲ್ಲ." ಹಿರಿಯ ವೈದ್ಯರು ಹೀಗೆ ಎಷ್ಟೋ ಸಲ ಹೇಳಿದ್ದರು. ಎಎಸ್‌ವಿ ಎಂದರೆ ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ, ರಿಯಾಕ್ಷನ್ ಎಂದರೆ ಅದರಿಂದಾಗುವ ಅಲರ್ಜಿ. ಹೆಬ್ರಿ ಕಡೆ ಹಾವು ಕಚ್ಚಿದರೆ ನೇರ ಮಣಿಪಾಲದ ದೊಡ್ಡ ಆಸ್ಪತ್ರೆಗೆ. ಮಳೆಗಾಲದ ರಾತ್ರಿ ಒಂದೂವರೆ ಗಂಟೆ ಹಿಡಿದದ್ದೂ ಉಂಟು. ಅಷ್ಟು ಹೊತ್ತು ವಿಷ ಸುಮ್ನೆ ಕೂರುತ್ತದಾ?

ಈಗ ಎಎಸ್‌ವಿಯ ಮೊದಲ ಹತ್ತು ವಯಲ್, ಅಂದರೆ ಸಣ್ಣ ಬಾಟಲಿ, ನಮ್ಮ ಸಣ್ಣ ಆಸ್ಪತ್ರೆಯಲ್ಲಿ ನಾನೇ ಕೊಡುತ್ತೇನೆ. ಐದಾರು ವರ್ಷದಲ್ಲಿ ನಲವತ್ತರ ಹತ್ತಿರ ಕೇಸ್ ಆಗಿರಬಹುದು. ಇಬ್ಬರನ್ನು ಉಳಿಸಲಾಗಲಿಲ್ಲ.

ಶುರುವಿನಲ್ಲಿ ನನಗೆ ಪೆಟ್ಟು ಕೊಟ್ಟದ್ದು ಒಂದು ಟೆಸ್ಟ್ ಟ್ಯೂಬ್. ಮಂಡಲದ ವಿಷ ಏರಿದರೆ ರಕ್ತ ಹೆಪ್ಪುಗಟ್ಟುವುದಿಲ್ಲ, ಅದನ್ನು ನೋಡಲು ರೋಗಿಯ ರಕ್ತ ಟ್ಯೂಬಿಗೆ ಹಾಕುತ್ತೇವೆ. 20 ನಿಮಿಷ ಅಲುಗಾಡಿಸದೆ ಇಟ್ಟು ಬಗ್ಗಿಸಿದರೆ ರಕ್ತ ನೀರಿನ ಹಾಗೆ ಹರಿಯಿತು. ರೋಗಿಗೆ ಬಾವು ಕೂಡ ಜಾಸ್ತಿ ಇರಲಿಲ್ಲ. ಹತ್ತು ವಯಲ್ ಹಾಕಿದೆ. 6 ಗಂಟೆ ಬಿಟ್ಟು ನೋಡಿದರೂ ಅದೇ ಕಥೆ, ಇನ್ನೂ ಹತ್ತು. ಆಮೇಲೆ ಲ್ಯಾಬ್ ರಿಪೋರ್ಟ್ ಬಂತು, ಎಲ್ಲ ನಾರ್ಮಲ್! ಟ್ಯೂಬನ್ನು ಸೋಪಿನ ಪುಡಿಯಲ್ಲಿ ತೊಳೆದಿದ್ದರು, ಸೋಪಿನ ಅಂಶ ಉಳಿದರೆ ಒಳ್ಳೆಯ ರಕ್ತವೂ ಹೆಪ್ಪುಗಟ್ಟುವುದಿಲ್ಲ. ವಯಲ್‌ಗೆ ಐನೂರು ಆರುನೂರರ ಲೆಕ್ಕದಲ್ಲಿ ಹತ್ತು ಸಾವಿರದ ಮೇಲೆ ಹೋಯಿತು. ಮನೆಯವರ ಹತ್ತಿರ ಕೇಳಲು ಮನಸ್ಸಾಗಲಿಲ್ಲ.

ಮರುದಿನ ನನ್ನದೇ ರಕ್ತ ತೆಗೆದು ಮೂರು ಟ್ಯೂಬಿಗೆ ಹಾಕಿದೆ. ಹೊಸ ಗಾಜಿನದ್ದನ್ನು ತಲೆಕೆಳಗು ಮಾಡಿದರೂ ಗಡ್ಡೆ ಅಲುಗಲಿಲ್ಲ. ತೊಳೆದದ್ದರಲ್ಲಿ ಹರಿಯಿತು, ಪ್ಲಾಸ್ಟಿಕ್‌ನಲ್ಲಿ ಅರೆಬರೆ. ಅಂದಿನಿಂದ ಹೊಸ ಗಾಜಿನ ಟ್ಯೂಬ್ ಬಿಟ್ಟರೆ ಬೇರೆ ಮುಟ್ಟಿಲ್ಲ. ಹೋಲಿಸಲು ಪಕ್ಕದಲ್ಲಿ ಆರೋಗ್ಯವಂತರೊಬ್ಬರ ರಕ್ತವೂ ಇರುತ್ತದೆ.

ಇನ್ನೊಂದು ಸೋಲು ಮೂಗು ಮೇಲೆದ್ದ ಸಣ್ಣ ಗುಳಿಮಂಡಲ ಎಂಬ ಹಾವಿನದ್ದು. ನಮ್ಮ ಎಎಸ್‌ವಿ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ಮಾತ್ರ, ಇದಕ್ಕೆ ನಾಟುವುದಿಲ್ಲ. ಗೊತ್ತಿದ್ದೂ ಗಡಿಬಿಡಿಯಲ್ಲಿ ಹಾಕಿದ್ದೆ. ಈಗ ದೂರದಿಂದ ತೆಗೆದ ಫೋಟೊ ಇದೆಯಾ ಅಂತ ಮೊದಲೇ ಕೇಳುತ್ತೇನೆ. ಇಲ್ಲಿ ಹಾವನ್ನು ಕೊಲ್ಲುವವರು ಕಡಿಮೆ, ನಾಗಬನದ ಊರು ಅಲ್ವಾ.

ದ್ರವರೂಪದ ಸ್ಟಾಕ್ ಒಮ್ಮೆ ಎರಡು ದಿನ ಕರೆಂಟಿಲ್ಲದೆ ಹಾಳಾಯಿತು. ಈಗ ಪುಡಿಯದ್ದೇ ತರಿಸುತ್ತೇನೆ. ನೀರು ಬೆರೆಸಿ ಕುಲುಕಿದರೆ ನೊರೆ ಬರುತ್ತದೆ, ಅಂಗೈಗಳ ನಡುವೆ ಮೆಲ್ಲ ಉರುಳಿಸಬೇಕು. ಇಬ್ಬರು ಸಿಸ್ಟರ್ ಕೂತರೆ ಹತ್ತು ವಯಲ್ ಹನ್ನೆರಡು ನಿಮಿಷಕ್ಕೆ ರೆಡಿ. ಡ್ರಿಪ್ ಹಾಕುವ ಮೊದಲೇ, ರಿಯಾಕ್ಷನ್ ಬಂದರೆ ಕೊಡಲು, ಅಡ್ರಿನಲಿನ್ ಸಿರಿಂಜಿನಲ್ಲಿ ಎಳೆದು ತಲೆದಿಂಬಿನ ಪಕ್ಕ ಇಡುತ್ತೇನೆ. ನಾಲ್ಕರಲ್ಲಿ ಒಬ್ಬರಿಗಾದರೂ ಬೇಕಾಗಿದೆ. ಡ್ರಿಪ್ ನಿಲ್ಲಿಸಿ, ತೊಡೆಗೆ 0.5 ಮಿಲಿಗ್ರಾಂ ಕೊಟ್ಟು, ತುರಿಕೆ, ಏದುಸಿರು ಇಳಿದ ಮೇಲೆ ನಿಧಾನಕ್ಕೆ ಮತ್ತೆ ಶುರು.

ಮೊದಲು ಹಾವಿನ ಮದ್ದಿನವರ ಹತ್ತಿರ ಹೋಗುತ್ತೇವೆ ಎನ್ನುವವರನ್ನು ಹೇಗೆ ನಿಲ್ಲಿಸುತ್ತೇನೆ ಎಂದು ಬರೆಯುವುದಿಲ್ಲ. ಬರೆದರೆ ಆ ಉಪಾಯ ನಡೆಯುವುದಿಲ್ಲ.

ಕಳೆದ ಜುಲೈಯಲ್ಲಿ ಹುಲ್ಲು ಕೊಯ್ಯುತ್ತಿದ್ದ ಒಬ್ಬರಿಗೆ ಕೊಳಕುಮಂಡಲ ಕಚ್ಚಿತು. ಮುಕ್ಕಾಲು ಗಂಟೆಯಲ್ಲಿ ನಮ್ಮಲ್ಲಿದ್ದರು, ಒಸಡಲ್ಲಿ ಆಗಲೇ ರಕ್ತ. ಹತ್ತು ವಯಲ್ ಹೋಯಿತು, 6 ಗಂಟೆ ಬಿಟ್ಟು ಇನ್ನೂ ಹತ್ತು. ಬೆಳಗಿನ ಜಾವ ಟ್ಯೂಬ್ ಬಗ್ಗಿಸಿದೆ, ಗಡ್ಡೆ ನಿಂತಿತ್ತು. ಅವರ ಗಂಡನಿಗೂ ತೋರಿಸಿದೆ. ರಕ್ತ ಹೆಪ್ಪುಗಟ್ಟದಿರುವಾಗ ಚುಚ್ಚಿದರೆ ಒಳಗೆ ರಕ್ತ ಸೋರುತ್ತದೆ ಎಂದು ಅಲ್ಲಿಯವರೆಗೆ ತಡೆದಿಟ್ಟಿದ್ದ ಟಿಟಿ (ಧನುರ್ವಾಯು ತಡೆಯುವ) ಇಂಜೆಕ್ಷನ್ ಆಮೇಲೆ ಕೊಟ್ಟೆ.