ಬೋರ್ಡಿಂಗ್‌ನಿಂದ ಬಂದ ಹದಿನಾಲ್ಕನೇ ದಿನ

ಏಪ್ರಿಲ್ ಕೊನೆಯಲ್ಲಿ ಬೆಂಗಳೂರಿನಲ್ಲಿ ಹೆಂಡತಿಯ ತಂಗಿಯ ಮದುವೆ. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಇಪ್ಪತ್ತು ಕೆಜಿ ನಾಯಿಯನ್ನು ಕರೆದುಕೊಂಡು ಹೋಗುವ ಧೈರ್ಯ ನನಗಿರಲಿಲ್ಲ. ಬಳ್ಳಾರಿ ಊರ ಹೊರಗೆ ನಾಯಿಗಳನ್ನು ಇಟ್ಟುಕೊಳ್ಳುವ ಒಂದು ಜಾಗ, ಬೋರ್ಡಿಂಗ್ ಅಂತಾರೆ, ಇದೆ ಅಂತ ಗೊತ್ತಾಯಿತು. ಕಾಳನನ್ನು ಅಲ್ಲಿ ಒಂಬತ್ತು ದಿನ ಬಿಟ್ಟೆವು. ಕಾಳ ಮುಧೋಳ ತಳಿಯ ಮಿಶ್ರ, ನಾಲ್ಕು ವರ್ಷ, ಮೊದಲೇ ಬಡಕಲು ಮೈ. ಅವನ ಪಕ್ಕೆಲುಬು ಯಾವಾಗಲೂ ಕಾಣುತ್ತದೆ. ಸೊರಗಿದ್ದಾನೋ ಇಲ್ಲವೋ ಅಂತ ನೋಡಿ ಹೇಳುವುದು ಕಷ್ಟ.

ವಾಪಸ್ ಬಂದ ದಿನ ಕುಣಿದಾಡಿದ. ಎರಡು ದಿನ ಸ್ವಲ್ಪ ಭೇದಿ ಆಯಿತು. ಜಾಗ ಬದಲು, ಊಟ ಬದಲು, ಅಷ್ಟೇ ಅಂದುಕೊಂಡೆವು. ಮೊಸರನ್ನ ಹಾಕಿದ ಮೇಲೆ ನಿಂತಿತು. ಆದರೆ ಮೈ ಸವರುವಾಗ ಕಿವಿಯ ಒಳಗೆ, ಕಾಲ್ಬೆರಳ ಸಂದಿಯಲ್ಲಿ ಉಣ್ಣಿ ಸಿಕ್ಕವು. ಒಟ್ಟು ಹನ್ನೊಂದು. ನಾಲ್ಕೈದು ರಕ್ತ ಕುಡಿದು ಔಡಲ ಬೀಜದಷ್ಟು ದಪ್ಪ ಆಗಿದ್ದವು. ಒಂದೊಂದಾಗಿ ಕಿತ್ತು ಕಾಂಪೌಂಡ್ ಗೋಡೆಯ ಬುಡಕ್ಕೆ ಎಸೆದೆ. ಕೆಲಸ ಮುಗೀತು ಅಂದುಕೊಂಡೆ. ಇದು ನಾನು ಮಾಡಿದ ಮೊದಲ ತಪ್ಪು. ಅದರ ಕತೆ ಆಮೇಲೆ.

ಮುಂದಿನ ಹತ್ತು ದಿನ ಏನೂ ಇಲ್ಲ. ಅಲ್ಲೇ ಬಿಟ್ಟಿದ್ದ ನಮ್ಮ ಓಣಿಯ ಒಂದು ಪಗ್ ಮಾತ್ರ ಬಂದ ಐದನೇ ದಿನಕ್ಕೆ ಕೆಮ್ಮಲು ಶುರು ಮಾಡಿತು. ಗಂಟಲಲ್ಲಿ ಮೂಳೆ ಸಿಕ್ಕಿಕೊಂಡ ಹಾಗೆ ಒಣ ಕೆಮ್ಮು, ಕೊನೆಗೆ ಬಿಳಿ ನೊರೆ. ಅದು ಕೆನಲ್ ಕಾಫ್. ಹತ್ತು ನಾಯಿ ಒಂದೇ ಶೆಡ್ಡಿನಲ್ಲಿ ಇದ್ದರೆ ಗಾಳಿಯಲ್ಲೇ ಹರಡುತ್ತದೆ. ಕತ್ತಿನ ಪಟ್ಟಿ ಬಿಚ್ಚಿ, ಬೇರೆ ನಾಯಿಗಳಿಂದ ದೂರ ಇಟ್ಟು, ಎರಡು ವಾರದಲ್ಲಿ ಹುಷಾರಾಯಿತು. ಕಾಳ ಕೆಮ್ಮಲಿಲ್ಲ. ನಾವು ಬಚಾವ್ ಅಂತ ನಾನು ಒಳಗೊಳಗೇ ಖುಷಿಪಟ್ಟೆ.

ಹದಿನಾಲ್ಕನೇ ದಿನ ಬೆಳಿಗ್ಗೆ ರೊಟ್ಟಿ ಮುಟ್ಟಲಿಲ್ಲ. ಕಡಪ ಕಲ್ಲಿನ ಮೇಲೆ ಹೊಟ್ಟೆ ಒತ್ತಿ ಮಲಗಿದ್ದ. ಮೇ ತಿಂಗಳ ಬಳ್ಳಾರಿ, ಹೊರಗೆ ನಲವತ್ತು ಡಿಗ್ರಿ ದಾಟಿದೆ. ನಮ್ಮೂರಲ್ಲಿ ಇರೋದೇ ಎರಡು ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ. ಯಾರಿಗೆ ತಾನೇ ಊಟ ಸೇರುತ್ತದೆ? ಹಾಗಂತ ಒಂದಿಡೀ ದಿನ ಕಳೆದೆ. ಸಂಜೆ ಹೆಂಡತಿ ಹೇಳಿದಳು, "ಇದು ಬಿಸಿಲಲ್ಲ ರೀ. ಕಣ್ಣು ನೋಡ್ರಿ ಅವಂದು."

ಮೂಗು ಮುಟ್ಟಿ ಜ್ವರ ನೋಡುವುದು ಸುಮ್ನೆ ಸಮಾಧಾನಕ್ಕೆ. ಬಿಸಿಲಲ್ಲಿ ಎಲ್ಲ ನಾಯಿಯ ಮೂಗೂ ಒಣಗಿರುತ್ತದೆ. ಮರುದಿನ ಬೆಳಿಗ್ಗೆ ಆರಕ್ಕೆ, ಇನ್ನೂ ತಂಪಿರುವಾಗ, ಡಿಜಿಟಲ್ ಥರ್ಮಾಮೀಟರ್‌ಗೆ ವ್ಯಾಸಲೀನ್ ಹಚ್ಚಿ ಬಾಲ ಎತ್ತಿ ಒಂದಿಂಚು ಒಳಗಿಟ್ಟೆ. ಹೆಂಡತಿ ತಲೆ ಹಿಡಿದಿದ್ದಳು. 104.2 ಬಂತು. ನಾಯಿಗೆ 101ರಿಂದ 102.5 ಫ್ಯಾರನ್‌ಹೀಟ್‌ವರೆಗೆ ಸಹಜ. ನಮ್ಮ ಲೆಕ್ಕದ 98.4 ಅಲ್ಲ. ತುಟಿ ಎತ್ತಿ ವಸಡು ನೋಡಿದೆ. ತಿಳಿ ಗುಲಾಬಿ ಹೋಗಿ ಬಿಳಿಚಿತ್ತು. ಕೂದಲಿಲ್ಲದ ಹೊಟ್ಟೆಯ ಭಾಗದಲ್ಲಿ ಸೂಜಿ ಚುಚ್ಚಿದಂತೆ ಕೆಂಪು ಚುಕ್ಕಿ. ಸೊಳ್ಳೆ ಕಚ್ಚಿದ್ದಿರಬೇಕು ಅಂತ ಬೆರಳಿಂದ ಒತ್ತಿದೆ. ಸೊಳ್ಳೆಯ ಕೆಂಪು ಒತ್ತಿದರೆ ಮಾಯ ಆಗುತ್ತದೆ. ಇದು ಆಗಲಿಲ್ಲ. ಅಂದರೆ ಚರ್ಮದ ಒಳಗೇ ರಕ್ತ ಜಿನುಗಿದೆ.

ಅವ್ವ, "ಜ್ವರ ಅಂದಮ್ಯಾಗ ಅರ್ಧ ಗುಳಿಗಿ ಹಾಕು" ಅಂದರು. ಪ್ಯಾರಾಸಿಟಮಾಲ್ ಮುರಿದು ಕೈಯಲ್ಲಿ ಹಿಡಿದಿದ್ದೆ. ಯಾಕೋ ಹಾಕಲಿಲ್ಲ. ಹಾಕಿದ್ದರೆ ಆಸ್ಪತ್ರೆಯಲ್ಲಿ ಬೈಸಿಕೊಳ್ಳುತ್ತಿದ್ದೆ. ಅದು ನಾಯಿಯ ಲಿವರ್‌ಗೆ ಪೆಟ್ಟು ಕೊಡುತ್ತದಂತೆ. ಐಬುಪ್ರೊಫೆನ್ ಇನ್ನೂ ಕೆಟ್ಟದ್ದು, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗುತ್ತದೆ.

ಪಶು ಆಸ್ಪತ್ರೆಯಲ್ಲಿ ಡಾಕ್ಟರ್ ಹೊಟ್ಟೆಯ ಚುಕ್ಕಿ ನೋಡಿ ಮೊದಲು ಕೇಳಿದ್ದೇ, "ಉಣ್ಣಿ ಇದ್ವಾ?"

"ಇದ್ವು ಸಾರ್. ಎರಡು ವಾರದ ಹಿಂದೇ ಕಿತ್ತು ಹಾಕೀನಿ."

"ನೀವು ಕಿತ್ತಿದ್ದು ಉಣ್ಣಿ. ಅದು ಕೊಟ್ಟು ಹೋಗಿದ್ದು ಒಳಗೈತಲ್ಲ."

ಆ ಮಾತಿಗೆ ನನ್ನ ತಲೆಯೊಳಗಿನ ಲೆಕ್ಕ ತಿರುಗಿತು. ಉಣ್ಣಿ ಜ್ವರದ ರೋಗಾಣು, ಎರ್ಲಿಕಿಯಾ ಅಂತಾರೆ, ಮೈ ಸೇರಿ ಒಂದರಿಂದ ಮೂರು ವಾರ ಸುಮ್ಮನಿರುತ್ತದೆ. ನಾನು ಮೊದಲ ಮೂರು ದಿನ ಕಣ್ಣಲ್ಲಿ ಕಣ್ಣಿಟ್ಟು ನೋಡಿ ಆಮೇಲೆ ಮರೆತಿದ್ದೆ. ನೋಡಬೇಕಾಗಿದ್ದು ಆಮೇಲೆಯೇ.

ರಕ್ತ ತೆಗೆದರು. ಕಿವಿಯ ತುದಿಯಿಂದಲೂ ಒಂದು ಹನಿ ಗಾಜಿನ ಮೇಲೆ ಸವರಿದರು. ಪ್ಲೇಟ್‌ಲೆಟ್ 58 ಸಾವಿರ. ಎರಡು ಲಕ್ಷದ ಮೇಲಿರಬೇಕಿತ್ತು. ಗಾಜಿನ ಮೇಲೆ ರೋಗಾಣು ಕಾಣಲಿಲ್ಲ. ಕಾಣದಿದ್ದರೆ ಇಲ್ಲ ಅಂತ ಅರ್ಥ ಅಲ್ಲ, ಎಷ್ಟೋ ಸಲ ತಪ್ಪಿಸಿಕೊಳ್ಳುತ್ತದೆ ಅಂತ ಹೇಳಿ ಡಾಕ್ಟರ್ ಅವತ್ತೇ ಡಾಕ್ಸಿಸೈಕ್ಲಿನ್ ಶುರು ಮಾಡಿದರು. ಕಾಳನ ತೂಕಕ್ಕೆ 100 ಮಿಲಿಗ್ರಾಂ, ಬೆಳಿಗ್ಗೆ ಮತ್ತು ರಾತ್ರಿ, 28 ದಿನ. ಮೂಗಲ್ಲಿ ರಕ್ತ, ಡಾಂಬರಿನಂಥ ಕಪ್ಪು ಮಲ, ಡಿಕಾಕ್ಷನ್ ಬಣ್ಣದ ಮೂತ್ರ, ಇದರಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ ಅಂದರು. ಮೂತ್ರದ ಬಣ್ಣ ಬದಲಾದರೆ ಅದು ಬಬೇಸಿಯಾ ಅನ್ನುವ ಇನ್ನೊಂದು ಉಣ್ಣಿ ರೋಗ ಇರಬಹುದು, ಅದಕ್ಕೆ ಔಷಧಿಯೇ ಬೇರೆ.

ಗುಳಿಗೆ ನುಂಗಿಸುವುದೇ ದೊಡ್ಡ ಕೆಲಸ ಆಯಿತು. ಮೊದಲ ದಿನ ಖಾಲಿ ಹೊಟ್ಟೆಗೆ ಕೊಟ್ಟೆ, ವಾಂತಿ. ಎರಡನೇ ದಿನ ಮೊಸರನ್ನದಲ್ಲಿ ಬಚ್ಚಿಟ್ಟೆ. ಡಾಕ್ಟರ್‌ಗೆ ಫೋನ್ ಮಾಡಿದರೆ ಹಾಲು ಮೊಸರಿನ ಜೊತೆ ಬೇಡ, ಔಷಧಿ ಸರಿಯಾಗಿ ಮೈಗೆ ಹತ್ತಲ್ಲ ಅಂದರು. ಆಮೇಲೆ ಕೈ ಹಿಡಿದದ್ದು ಇಡ್ಲಿ. ಮೊದಲು ಸುಮ್ನೆ ಒಂದು ತುಂಡು, ಎರಡನೇ ತುಂಡಿನಲ್ಲಿ ಗುಳಿಗೆ, ಅದನ್ನು ಅಗಿಯುವ ಮೊದಲೇ ಮೂರನೆಯದು ಮೂಗಿನ ಮುಂದೆ. ಆಸೆಗೆ ಗುಳುಂ ಅಂತ ನುಂಗುತ್ತಾನೆ. ಮೇಲೆ ನೀರು ಕುಡಿಸಲೇಬೇಕು. ಗಂಟಲಲ್ಲಿ ಅಂಟಿಕೊಂಡರೆ ಅಲ್ಲೇ ಸುಡುತ್ತದೆ.

ಮೂರನೇ ದಿನಕ್ಕೆ ಜ್ವರ ಇಳಿಯಿತು. ಎಂಟನೇ ದಿನಕ್ಕೆ ಗೇಟಿನ ಹತ್ತಿರ ಹೋಗಿ ಹಾಲಿನವನಿಗೆ ಬೊಗಳಿದ. ನಿಜ ಹೇಳಬೇಕೆಂದರೆ ಹತ್ತನೇ ದಿನಕ್ಕೆ ಗುಳಿಗೆ ನಿಲ್ಲಿಸೋಣ ಅನ್ನಿಸಿತು. ಅಷ್ಟು ಗಟ್ಟಿ ಆಗಿದ್ದ. ಆದರೆ ಅರ್ಧಕ್ಕೆ ಬಿಟ್ಟರೆ ರೋಗ ಮೂಳೆಯ ಮಜ್ಜೆವರೆಗೂ ಹೋಗಿ ತಿಂಗಳುಗಟ್ಟಲೆ ಆದಮೇಲೆ ಎದ್ದು ಬರಬಹುದು, ಆಗ ಉಳಿಸುವುದು ಕಷ್ಟ ಅಂತ ಡಾಕ್ಟರ್ ಹೇಳಿದ್ದು ನೆನಪಿತ್ತು. ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ದಿನಕ್ಕೆ ಎರಡು ಗೀಟು ಹಾಕುತ್ತಾ ಹೋದೆವು. ಹದಿನಾಲ್ಕನೇ ದಿನಕ್ಕೆ ಪ್ಲೇಟ್‌ಲೆಟ್ 1.4 ಲಕ್ಷ, ಗುಳಿಗೆ ಮುಗಿದಾಗ 2.3 ಲಕ್ಷ.

ಈಗ ಗೋಡೆಯ ಬುಡದ ಕತೆ. ಗುಳಿಗೆ ಮುಗಿಯುವ ಹೊತ್ತಿಗೆ ಒಂದು ಸಂಜೆ ವರಾಂಡದ ಗೋಡೆಯ ಮೇಲೆ ಸಾಸಿವೆಗಿಂತ ಸಣ್ಣ ಹುಳ ಸಾಲಾಗಿ ಹತ್ತುತ್ತಿದ್ದವು. ನಾನು ಎಸೆದ ಔಡಲ ಬೀಜಗಳ ಮರಿಗಳು! ರಕ್ತ ಕುಡಿದ ಒಂದು ಹೆಣ್ಣು ಉಣ್ಣಿ ಸಂದಿಯಲ್ಲಿ ಸೇರಿ ಸಾವಿರಾರು ಮೊಟ್ಟೆ ಇಡುತ್ತದೆ. ಈಗ ಕಿತ್ತ ಉಣ್ಣಿಯನ್ನು ಸ್ಪಿರಿಟ್ ಇರುವ ಸಣ್ಣ ಬಾಟಲಿಗೆ ಹಾಕುತ್ತೇನೆ. ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆಯಬೇಕು. ಉಗುರಲ್ಲಿ ಒತ್ತಿ ಒಡೆಯಬಾರದು, ಸೀಮೆಎಣ್ಣೆಯೂ ಬೇಡ. ಗೋಡೆಯ ಬಿರುಕು, ಕಡಪ ಕಲ್ಲಿನ ಸಂದಿಗೆಲ್ಲ ಸಿಮೆಂಟ್ ತುಂಬಿಸಿದೆ. ಗಾರೆಯವನಿಗೆ ಎರಡು ದಿನದ ಕೂಲಿ ಹೋಯಿತು.

ಬೋರ್ಡಿಂಗ್‌ನವರಿಗೆ ಫೋನ್ ಮಾಡಿ ತಿಳಿಸಿದೆ. "ನಿಮ್ಮ ಓಣಿಯಲ್ಲೇ ಹತ್ತಿರಬೇಕು ಸಾರ್" ಅಂದರು. ಇರಬಹುದು, ಇಲ್ಲ ಅನ್ನಲು ನನ್ನ ಹತ್ತಿರ ಸಾಕ್ಷಿ ಇಲ್ಲ. ದೀಪಾವಳಿಗೆ ಮತ್ತೆ ಬಿಡಬೇಕಾದಾಗ ಬೇರೆ ಜಾಗ ಹುಡುಕಿದೆ. ಹೊರಡುವ ವಾರ ಮೊದಲು ಡಾಕ್ಟರ್ ಹತ್ತಿರ ಉಣ್ಣಿ ಸಾಯಿಸುವ ಗುಳಿಗೆ ಹಾಕಿಸಿದೆ. ಜಾಗ ನೋಡಲು ಹೋದಾಗ ಅವರು ಊಟದ ಪಟ್ಟಿ ತೋರಿಸುತ್ತಿದ್ದರು. ನಾನು ಮೊಬೈಲ್ ಟಾರ್ಚ್ ಹಾಕಿ ಶೆಡ್ಡಿನ ಗೋಡೆಯ ಬಿರುಕು ನೋಡುತ್ತಿದ್ದೆ.