ದೊಡ್ಡ ಇಂಜೆಕ್ಟರ್ ಹಾಕಿದ ಮೇಲೆ ಐಡ್ಲಿಂಗ್ ಏರುಪೇರು: ಸರಿಪಡಿಸಿದ ಬಗೆ

ಟರ್ಬೊ ಕೂರಿಸಿದ 1.6 ಲೀಟರ್ ಎಂಜಿನ್, ನಿಮಿಷಕ್ಕೆ 240 ಸಿಸಿ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಜಾಗದಲ್ಲಿ 440 ಸಿಸಿ, ಜತೆಗೆ ಗಾಳಿ ಸೆನ್ಸರ್‌ನ ಸಿಗ್ನಲ್ ತಗ್ಗಿಸುವ ಪಿಗ್ಗಿಬ್ಯಾಕ್ ಎಂಬ ಹೆಚ್ಚುವರಿ ಸಾಧನ. ಪೆಟ್ರೋಲೇನೋ ಹೊಂದಿಕೊಂಡಿತು. ಆದರೆ ಗಾಳಿ ಕಡಿಮೆಯಿದೆ ಎಂದು ನಂಬಿದ ಮೂಲ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಇಗ್ನಿಷನ್ ಟೈಮಿಂಗನ್ನೂ ಮುಂದಕ್ಕೆ ತಂದಿತು, ಅಂದರೆ ಸ್ಪಾರ್ಕ್ ಬೇಗ ಹೊಡೆಯಿತು. ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಏರಿದೊಡನೆ ನಾಕಿಂಗ್, ಅಂದರೆ ಸಿಲಿಂಡರ್‌ನೊಳಗೆ ಪೆಟ್ರೋಲ್-ಗಾಳಿ ಮಿಶ್ರಣ ತಾನಾಗಿ ಸಿಡಿಯುವುದು. ಟರ್ಬೊ ಎಂಜಿನ್‌ಗೆ ಈ ದಾರಿ ಬೇಡವೇ ಬೇಡ.

ನಾವೇ ಟ್ಯೂನ್ ಮಾಡಬಹುದಾದ ಇಸಿಯು ಮೆಗಾಸ್ಕ್ವರ್ಟ್ ಹಾಕಿದಾಗ ನಾಕಿಂಗ್ ಹೋಯಿತು, ಐಡ್ಲಿಂಗ್ ಮಾತ್ರ ನಿಲ್ಲಲಿಲ್ಲ. ಹೆಡ್‌ಲೈಟ್, ಫ್ಯಾನ್ ಹಾಕಿದರೆ ಗಾಳಿ-ಪೆಟ್ರೋಲ್ ಅನುಪಾತ ತೋರಿಸುವ ವೈಡ್‌ಬ್ಯಾಂಡ್ ಮೀಟರ್ 14ರಿಂದ 16ಕ್ಕೆ ಏರುತ್ತಿತ್ತು, ಅಂದರೆ ಪೆಟ್ರೋಲ್ ಕಡಿಮೆ ಬೀಳುತ್ತಿತ್ತು. ಕಾರಣ ಡೆಡ್ ಟೈಮ್, ಅಂದರೆ ಸಿಗ್ನಲ್ ಬಂದರೂ ಪೆಟ್ರೋಲ್ ಚಿಮ್ಮದೆ ಕಳೆಯುವ ಹೊತ್ತು: ವೋಲ್ಟೇಜ್ ಇಳಿದಷ್ಟೂ ಇಂಜೆಕ್ಟರ್ ತೆರೆಯುವುದು ತಡ. ಐಡ್ಲಿಂಗ್‌ನಲ್ಲಿ ಪಲ್ಸ್ ಇರುವುದೇ ಸುಮಾರು 2 ಮಿಲಿಸೆಕೆಂಡ್, ಅದರಲ್ಲಿ ಹೆಚ್ಚುಕಡಿಮೆ 1 ಡೆಡ್ ಟೈಮ್, ಪೆಟ್ರೋಲ್ ಚಿಮ್ಮುವುದು ಉಳಿದ 1ರಲ್ಲಿ ಮಾತ್ರ. 0.2 ತಪ್ಪಿದರೂ ಪೆಟ್ರೋಲ್‌ನ ಐದನೇ ಒಂದು ಪಾಲು ಆಚೀಚೆ.

ಮೊದಲು ಪೆಟ್ರೋಲ್ ಒತ್ತಡದ ರೆಗ್ಯುಲೇಟರ್‌ನ ವ್ಯಾಕ್ಯೂಮ್ ಪೈಪ್ ಕಳಚಿ, ರೈಲ್ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಕೊಳವೆ) ಒತ್ತಡ 3 ಬಾರ್ ಇದೆಯೇ ಎಂದು ಗೇಜ್ ಇಟ್ಟು ನೋಡಬೇಕು. 4 ಬಾರ್ ಇದ್ದರೆ 440 ಸಿಸಿ 508 ಆಗಿಬಿಡುತ್ತದೆ, ಡೆಡ್ ಟೈಮೂ ಬದಲಾಗುತ್ತದೆ. ಆಮೇಲೆ ಆ ಒತ್ತಡಕ್ಕೆ ಇಂಜೆಕ್ಟರ್ ತಯಾರಕರು ಕೊಟ್ಟ ಡೆಡ್ ಟೈಮ್ ಅಂಕಿಗಳನ್ನು ಮೆಗಾಸ್ಕ್ವರ್ಟ್‌ನಲ್ಲಿ 10, 12, 14 ವೋಲ್ಟ್‌ಗೆ ತುಂಬಿದೆ. ಈಗ ಲೈಟ್ ಹಾಕಿದರೂ ಮೀಟರ್ 14.5ರ ಆಸುಪಾಸು ಬಿಟ್ಟು ಕದಲುವುದಿಲ್ಲ. ವಿಇ ಟೇಬಲ್ (ಎಂಜಿನ್ ಎಷ್ಟು ಗಾಳಿ ಎಳೆದುಕೊಳ್ಳುತ್ತದೆ ಎಂದು ಇಸಿಯುಗೆ ಹೇಳುವ ಪಟ್ಟಿ) ಮುಟ್ಟುವುದು ಇದಾದ ಮೇಲೆಯೇ.